ಸಿಡಿಲಿನ ಹೊತ್ತಲ್ಲಿ ಹಾಯಿಕಂಬದ ಮೇಲಿರೋ ನಾವಿಕ: ಯಾಕೆ ಹತ್ತಬೇಕು, ಯಾವಾಗ ಇಳೀಬೇಕು?

ಹಲಸೂರು_ದೋಣಿ

ಹಲಸೂರು ಕೆರೆಯಲ್ಲಿ ಸೇಲಿಂಗ್ ಕಲಿಯೋ ಮಕ್ಕಳಿಗೆ ಕನ್ನಡದಲ್ಲಿ ಒಂದು ಕೈಪಿಡಿ ತಯಾರಾಗ್ತಿದೆ. ಅದರಲ್ಲಿ ದೊಡ್ಡ ಹಾಯಿಹಡಗುಗಳ ಬಗ್ಗೆ ಒಂದು ಅಧ್ಯಾಯ. ಮಕ್ಕಳು ಕೇಳೋದು ನೇರವಾದ ಪ್ರಶ್ನೆ: ಗುಡುಗು ಮಿಂಚಿನ ಮಳೇಲಿ ನಾವಿಕ 30 ಮೀಟರ್ ಎತ್ತರದ ಕಂಬ ಯಾಕೆ ಹತ್ತಬೇಕು? ಹತ್ತಿದವನಿಗೆ ಸಿಡಿಲು ಹೊಡೆಯಲ್ವಾ? ಮರದ ಕಂಬ ವಾಸಿನಾ, ಉಕ್ಕಿನದಾ? ಮೇಲಿದ್ದಾಗಲೇ ಮಿಂಚೋಕೆ ಶುರುವಾದ್ರೆ ಏನು ಗತಿ?

ಸಿನಿಮಾ ಉತ್ತರ ಬೇಡ. ಹಡಗಿನ ಕೆಲಸ ಗೊತ್ತಿರೋರು, ಸಿಡಿಲಿನ ಲೆಕ್ಕ ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ. ನಮ್ಮೂರಲ್ಲಿ ಬಹುಮಹಡಿ ಕಟ್ಟಡಗಳಿಗೆ ಹಗ್ಗದಲ್ಲಿ ನೇತಾಡ್ಕೊಂಡು ಬಣ್ಣ ಹೊಡೆಯೋರಿಗೂ ಇದರಿಂದ ಏನಾದ್ರೂ ಉಪಯೋಗ ಆಗೋದಾದ್ರೆ ಅದನ್ನೂ ಸೇರಿಸ್ತೀವಿ.

ಡೆಕ್_ಬೋಸನ್

ಮೇಡಂ, ಮೊದಲ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಸಿಡಿಲು ಬಡಿಯೋ ಹೊತ್ತಲ್ಲಿ ಮೇಲೆ ಜನ ಇದ್ದಾರೆ ಅಂದ್ರೆ ಬಹುಪಾಲು ಕೆಳಗೆ ಡೆಕ್ಕಿನಲ್ಲಿ ತೀರ್ಮಾನ ತಡವಾಗಿದೆ ಅಂತಲೇ ಅರ್ಥ. ಹತ್ತಿದವನ ಧೈರ್ಯದ ಮಾತು ಆಮೇಲಿನದು.

ನಮ್ಮ ನೌಕಾಪಡೆಯ ತರಬೇತಿ ಹಡಗು ಐಎನ್‌ಎಸ್ ತರಂಗಿಣಿಯನ್ನೇ ತಗೊಳ್ಳಿ. ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ್ದು, 1997ರಲ್ಲಿ ಸೇವೆಗೆ ಬಂತು, ನೆಲೆ ಕೊಚ್ಚಿ. 2012ರಲ್ಲಿ ಬಂದ ಸುದರ್ಶಿನಿ ಅದರ ತಂಗಿ. ಎರಡೂ ಮೂರು ಕಂಬದ ಬಾರ್ಕ್‌ಗಳು. ಮುಂದಿನ ಎರಡು ಕಂಬಗಳಲ್ಲಿ ಚೌಕ ಹಾಯಿ, ಹಿಂದಿನ ಕಂಬದಲ್ಲಿ ಹಡಗಿನ ಉದ್ದಕ್ಕೆ ಕಟ್ಟೋ ಹಾಯಿ. ಜನ ಮೇಲೆ ಹತ್ತೋದು ಮುಖ್ಯವಾಗಿ ಚೌಕ ಹಾಯಿಗೋಸ್ಕರ.

ಚೌಕ ಹಾಯಿ ಇಳಿಸೋದು ಎರಡು ಹಂತದ ಕೆಲಸ, ಮಕ್ಕಳಿಗೆ ಇದು ಸ್ಪಷ್ಟವಾಗಬೇಕು. ಮೊದಲ ಹಂತ ಪೂರ್ತಿ ಡೆಕ್ಕಿನಿಂದಲೇ. ಹಾಯಿಯ ಕೆಳಮೂಲೆಗಳನ್ನ ಹಿಡಿದಿರೋ ಶೀಟ್ ಹಗ್ಗ ಸಡಿಲ ಬಿಡ್ತಾರೆ, ಕ್ಲೂಲೈನ್ ಎಳೆದು ಮೂಲೆಗಳನ್ನ ಮೇಲಕ್ಕೆ ತರ್ತಾರೆ, ಬಂಟ್‌ಲೈನ್ ಎಳೆದು ಹಾಯಿಯ ಹೊಟ್ಟೆಯನ್ನ ಯಾರ್ಡಿಗೆ, ಅಂದ್ರೆ ಅಡ್ಡಮರಕ್ಕೆ, ಒತ್ತರಿಸ್ತಾರೆ. ಮೇಲಿನ ಯಾರ್ಡ್‌ಗಳಾದ್ರೆ ಹಾಲ್ಯಾರ್ಡ್, ಅಂದ್ರೆ ಮೇಲಕ್ಕೆ ಎಳೆಯೋ ಹಗ್ಗ, ಬಿಟ್ಟು ಯಾರ್ಡನ್ನೇ ಕೆಳಕ್ಕೆ ಇಳಿಸ್ತಾರೆ. ಇಷ್ಟಾದ್ರೆ ಹಾಯಿಗೆ ಗಾಳಿ ತುಂಬೋದು ನಿಲ್ಲುತ್ತೆ. ಎರಡನೇ ಹಂತ ಮೇಲೆ ಹತ್ತಿ ಬಟ್ಟೆಯನ್ನ ಮಡಚಿ, ಗ್ಯಾಸ್ಕೆಟ್ ಅನ್ನೋ ಹಗ್ಗದಿಂದ ಯಾರ್ಡಿಗೆ ಬಿಗಿಯೋದು.

ಮಿಂಚು ಹತ್ತಿರ ಇದ್ರೆ ಎರಡನೇ ಹಂತಕ್ಕೆ ಕೈ ಹಾಕೋದು ಬೇಡ. ಹಾಯಿ ಹಗ್ಗಗಳಲ್ಲೇ ಜೋತುಬಿದ್ದಿರಲಿ. ಗಾಳಿ ಅದನ್ನ ಪಟಪಟ ಬಡಿಯುತ್ತೆ, ಹೊಲಿಗೆ ಬಿಡಬಹುದು, ಒಂದು ಹಾಯಿ ಹರಿದೇ ಹೋಗಬಹುದು. ಹೋಗಲಿ. ಹರಿದ ಹಾಯಿ ಹೊಲಿಯೋಕಾಗುತ್ತೆ. ಬಡಿಯೋ ಹಾಯಿಯ ತೂಕದಿಂದ ಯಾರ್ಡಿಗೋ ಕಂಬಕ್ಕೋ ಅಪಾಯ ಅನ್ನೋ ಸ್ಥಿತಿ ಬಂದಾಗ ಮಾತ್ರ ಜನ ಕಳಿಸೋ ಪ್ರಶ್ನೆ ಏಳುತ್ತೆ, ಅದನ್ನ ಕ್ಯಾಪ್ಟನ್ ಹೇಳಬೇಕು.

ಹಾಯಿ ಇಳಿಸೋ ಸರದಿ ಮೇಲಿನಿಂದ ಕೆಳಕ್ಕೆ. ಎಲ್ಲಕ್ಕಿಂತ ಮೇಲಿನ ಹಾಯಿ ರಾಯಲ್ ಮೊದಲು, ಆಮೇಲೆ ಅದರ ಕೆಳಗಿನ ಟಾಪ್‌ಗ್ಯಾಲಂಟ್. ಎತ್ತರದಲ್ಲಿರೋದು, ಹಡಗನ್ನ ಹೆಚ್ಚು ವಾಲಿಸೋದು, ಹತ್ತಿ ತಲುಪೋಕೆ ಹೆಚ್ಚು ಹೊತ್ತು ಹಿಡಿಯೋದು ಇವೇ. ದೂರದಲ್ಲಿ ಮೋಡ ಕಪ್ಪಾಗಿ ಕಂಡಾಗಲೇ ಇವೆರಡನ್ನ ಕಟ್ಟಿ ಮುಗಿಸಿಬಿಟ್ರೆ ಸಿಡಿಲಿನ ಹೊತ್ತಿಗೆ ಮೇಲೆ ಯಾರಿಗೂ ಕೆಲಸ ಇರಲ್ಲ.

ಮೋಡ ಎಷ್ಟು ಬೇಗ ಬರುತ್ತೆ ಅಂತ ರೇಡಾರ್‌ನಲ್ಲಿ ನೋಡಬಹುದು. ಮಳೆಯ ಗುಂಪು 3 ಸೆಂ.ಮೀ. ಅಲೆಯ ರೇಡಾರಿನಲ್ಲಿ ಚೆನ್ನಾಗಿ ಕಾಣುತ್ತೆ. ಅಂಚನ್ನ ಗುರುತು ಮಾಡಿ 6 ನಿಮಿಷ ಬಿಟ್ಟು ಮತ್ತೆ ಗುರುತು ಹಾಕಿ. 6 ನಿಮಿಷ ಅಂದ್ರೆ ಗಂಟೆಯ ಹತ್ತನೇ ಒಂದು ಪಾಲು. ಎಷ್ಟು ಸಮುದ್ರಮೈಲಿ ಹತ್ತಿರ ಬಂತೋ ಅದನ್ನ ಹತ್ತರಿಂದ ಗುಣಿಸಿದ್ರೆ ನಾಟ್ ಲೆಕ್ಕದಲ್ಲಿ, ಅಂದ್ರೆ ಗಂಟೆಗೆ ಇಷ್ಟು ಸಮುದ್ರಮೈಲಿ ಅಂತ, ಅದರ ವೇಗ ಸಿಕ್ತು. 2 ಮೈಲಿ ಬಂದಿದ್ರೆ 20 ನಾಟ್.

ಓದುಗ_ಬಸವನಗುಡಿ

ಬೋಸನ್ ಅವ್ರೆ, ಒಂದು ಅನುಮಾನ. ಈಗಿನ ಸೇಫ್ಟಿ ಬೆಲ್ಟು, ಹಗ್ಗ ಎಲ್ಲ ನೈಲಾನ್. ಬೂಟಿನ ತಳ ರಬ್ಬರ್. ಎರಡೂ ಕರೆಂಟ್ ಹರಿಸಲ್ಲ ಅಂತ ಶಾಲೇಲಿ ಕಲಿತದ್ದು. ಹಾಗಾದ್ರೆ ಮೇಲಿರೋನು ಒಂದು ಮಟ್ಟಿಗೆ ಕ್ಷೇಮ ಅಲ್ವಾ?

ಸಿಡಿಲುತಂತಿ_ಪೀಣ್ಯ

ಕ್ಷೇಮ ಅಲ್ಲ ಸರ್. ಈ ನಂಬಿಕೆ ನಮ್ಮ ಸೈಟುಗಳಲ್ಲೂ ಗಟ್ಟಿಯಾಗಿ ಕೂತಿದೆ, ಆದ್ದರಿಂದ ಬಿಡಿಸಿ ಹೇಳಬೇಕು. ಮಿಂಚು ಮೋಡದಿಂದ ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬಂದಿರುತ್ತದೆ. ಗಾಳಿಯೇ ಒಳ್ಳೆಯ ನಿರೋಧಕ. ಅಷ್ಟನ್ನು ದಾಟಿ ಬಂದದ್ದಕ್ಕೆ ಒಂದು ಸೆಂಟಿಮೀಟರ್ ರಬ್ಬರ್ ಲೆಕ್ಕಕ್ಕೇ ಇಲ್ಲ. ಮೇಲಾಗಿ ಉಪ್ಪುನೀರಿನಲ್ಲಿ ನೆಂದ ನೈಲಾನ್ ಹಗ್ಗದ ಮೇಲೆ ನೀರಿನ ಪದರವೇ ವಾಹಕ. ನೆಂದ ಮೈಯೂ ಅಷ್ಟೇ.

ಈಗ ಉಕ್ಕಿನ ಹಡಗಿನಲ್ಲಿ ಏನಾಗುತ್ತದೆ ನೋಡೋಣ. ಕಂಬ ಉಕ್ಕು, ಕಂಬವನ್ನು ಎರಡೂ ಬದಿಗೆ ಎಳೆದು ನಿಲ್ಲಿಸುವ ಶ್ರೌಡ್ ತಂತಿಗಳು ಉಕ್ಕು, ಒಡಲು ಉಕ್ಕು, ಕೆಳಗೆ ಸಮುದ್ರ. ಕಂಬದ ತುದಿಗೆ ಬಡಿದದ್ದು ಇಷ್ಟೂ ದಾರಿಗಳಲ್ಲಿ ಹಂಚಿಕೊಂಡು ನೀರಿಗೆ ಇಳಿಯುತ್ತದೆ. ಹಡಗಿಗೆ ಹೆಚ್ಚಿನ ಪೆಟ್ಟಾಗುವುದಿಲ್ಲ. ಆಂಟೆನಾ, ರೇಡಿಯೊ, ಜಿಪಿಎಸ್ ಸುಡಬಹುದು, ಅಯಸ್ಕಾಂತದ ದಿಕ್ಸೂಚಿ ದಾರಿ ತಪ್ಪಿಸಬಹುದು. ಒಳಗಿರುವವರು ಕ್ಷೇಮ.

ಆದರೆ ಶ್ರೌಡ್ ಹಿಡಿದು ನಿಂತವನ ಕಥೆ ಬೇರೆ. ಸಾಮಾನ್ಯ ಸಿಡಿಲಿನ ಪ್ರವಾಹ 30,000 ಆಂಪಿಯರ್ ಆಸುಪಾಸು, ದೊಡ್ಡದಾದರೆ 2 ಲಕ್ಷದವರೆಗೂ. ಅದು ಏರುವುದು ಮೈಕ್ರೋಸೆಕೆಂಡುಗಳಲ್ಲಿ. ಅಷ್ಟು ವೇಗದಲ್ಲಿ ಏರುವಾಗ ತಂತಿಯ ಇಂಡಕ್ಟೆನ್ಸ್, ಅಂದರೆ ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ, ಅಡ್ಡ ಬರುತ್ತದೆ. ಉದ್ದ ತಂತಿಗೆ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ ಅಂತ ಹಿಡಿಯಿರಿ. ಪ್ರವಾಹ ಹತ್ತು ದಾರಿಗೆ ಸಮವಾಗಿ ಹಂಚಿಹೋಗಿ ಒಂದೊಂದು ತಂತಿಯಲ್ಲಿ ಮೈಕ್ರೋಸೆಕೆಂಡಿಗೆ 3,000 ಆಂಪಿಯರ್ ಏರಿದರೂ ಮೀಟರಿಗೆ 3,000 ವೋಲ್ಟ್. ಕೈ ಮೇಲೆ, ಕಾಲು ಒಂದೂವರೆ ಮೀಟರ್ ಕೆಳಗೆ. ಅವನ ಮೈಮೇಲೆ ನಾಲ್ಕೂವರೆ ಸಾವಿರ ವೋಲ್ಟ್. ಹೊತ್ತು ಬಹಳ ಕಡಿಮೆ, ಹಾಗಾಗಿ ಎಲ್ಲರೂ ಸಾಯುವುದಿಲ್ಲ. ಆದರೆ ಕೈ ಬಿಟ್ಟುಹೋಗಲು ಅಷ್ಟೇ ಸಾಕು, ಮೂವತ್ತು ಮೀಟರ್ ಎತ್ತರದಲ್ಲಿ ಕೈ ಬಿಟ್ಟರೆ ಉಳಿದದ್ದನ್ನು ಹೇಳಬೇಕಿಲ್ಲ.

ಇನ್ನೊಂದು, ಪಕ್ಕಕ್ಕೆ ಹಾರುವ ಸಿಡಿಲು. ಒಬ್ಬ ಬೆನ್ನನ್ನು ಕಂಬಕ್ಕೆ ಕೊಟ್ಟು ಇನ್ನೊಂದು ಕೈಯಲ್ಲಿ ಬೇರೆ ಲೋಹ ಹಿಡಿದಿದ್ದರೆ ಎರಡರ ನಡುವಿನ ಸೇತುವೆ ಅವನೇ. ಡೆಕ್ಕಿನಲ್ಲಿ ಶ್ರೌಡ್‌ಗಳ ಬುಡ, ಕಂಬದ ಬುಡ, ಕಬ್ಬಿಣದ ಕಟಾಂಜನ, ಈ ಮೂರರ ಹತ್ತಿರ ನಿಲ್ಲಬಾರದು ಅನ್ನುವುದು ಇದಕ್ಕೇ.

ಕಂಬ 45 ಅಥವಾ 60 ಡಿಗ್ರಿಯ ರಕ್ಷಣೆಯ ಕೊಡೆ ಹಿಡಿಯುತ್ತದೆ ಅಂತ ಹಳೆಯ ಪುಸ್ತಕಗಳಲ್ಲಿ ಇರುತ್ತದೆ. ಅದು ಡೆಕ್ಕಿನಲ್ಲಿರುವವರಿಗೆ. ಕೊಡೆಯ ತುದಿಯಲ್ಲೇ ಕೂತವನಿಗೆ ಕೊಡೆ ಇಲ್ಲ.

ಓದುಗ_ಬಸವನಗುಡಿ

ಅರ್ಥ ಆಯ್ತು ಸರ್. ಹಾಗಾದ್ರೆ ಹಿಂದಿನ ಮರದ ಹಡಗುಗಳಲ್ಲಿ?

ಸಿಡಿಲುತಂತಿ_ಪೀಣ್ಯ

ಅಲ್ಲಿ ಹಡಗಿಗೇ ಅಪಾಯ. ಮರದೊಳಗಿನ ತೇವ ಕ್ಷಣದಲ್ಲಿ ಆವಿಯಾಗಿ ಕಂಬ ಒಳಗಿನಿಂದಲೇ ಸಿಡಿಯುತ್ತದೆ. ತೆಂಗಿನ ಮರಕ್ಕೆ ಸಿಡಿಲು ಬಡಿದಾಗ ಕಾಂಡ ಸೀಳುತ್ತದಲ್ಲ, ಕಾರಣ ಅದೇ. ಸೀಳಿದ ಕಂಬದ ಜೊತೆ ಯಾರ್ಡು, ಹಾಯಿ, ಮೇಲಿದ್ದ ಜನ ಎಲ್ಲ ಕೆಳಗೆ.

ಬ್ರಿಟಿಷ್ ನೌಕಾಪಡೆಯಲ್ಲಿ ಮೊದಲು ಇದ್ದದ್ದು ಒಂದು ಸರಪಳಿ. ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದರು, ಮೋಡ ಕವಿದ ಮೇಲೆ ಒಂದು ತುದಿಯನ್ನು ಕಂಬದ ನೆತ್ತಿಗೆ ಏರಿಸಿ ಇನ್ನೊಂದನ್ನು ಸಮುದ್ರಕ್ಕೆ ಬಿಡಬೇಕು. ಅಂದರೆ ಸಿಡಿಲಿನಿಂದ ಕಾಪಾಡುವ ಸಾಧನ ಕಟ್ಟಲು ಸಿಡಿಲಿನ ಹೊತ್ತಲ್ಲೇ ಕಂಬದ ಗೊಡವೆಗೆ ಹೋಗಬೇಕು! ಬಹಳ ಸಲ ಸರಪಳಿ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ವಿಲಿಯಂ ಸ್ನೋ ಹ್ಯಾರಿಸ್ ಅನ್ನುವವರು ತಾಮ್ರದ ಪಟ್ಟಿಗಳನ್ನು ಕಂಬದ ಮೈಯಲ್ಲೇ ಕೂರಿಸಿ, ಒಡಲಿನ ಮೂಲಕ ಸಮುದ್ರಕ್ಕೆ ಸೇರಿಸುವ ವ್ಯವಸ್ಥೆ ಮಾಡಿದರು. 1831ರಲ್ಲಿ ಡಾರ್ವಿನ್ ಹತ್ತಿದ ಬೀಗಲ್ ಹಡಗಿಗೂ ಅದನ್ನು ಹಾಕಿದ್ದರು. ಯಾರೂ ಏನೂ ಏರಿಸಬೇಕಿಲ್ಲ, ಯಾವಾಗಲೂ ಇರುತ್ತದೆ. ಅದರ ದೊಡ್ಡ ಗುಣ ಅದೇ. ನೌಕಾಪಡೆ ಪೂರ್ತಿ ಒಪ್ಪಿಕೊಳ್ಳಲು 1840ರ ದಶಕ ಬರಬೇಕಾಯಿತು. 1847ರಲ್ಲಿ ಅವರಿಗೆ ಸರ್ ಪದವಿ ಸಿಕ್ಕಿತು.

ಕಾರವಾರ_ಟು_ಕೋರಮಂಗಲ

ಮರದ ಹಡಗು ಅಂದಾಗ ನಮ್ಮ ಕರಾವಳಿಯದನ್ನೂ ಸೇರಿಸಿ. ಪತ್ತೆಮಾರಿ, ಮಚವೆಗಳ ಹಾಯಿ ಚೌಕ ಅಲ್ಲ, ಓರೆ ಮರಕ್ಕೆ ಕಟ್ಟಿದ ಹಾಯಿ. ಗಾಳಿ ಜೋರಾದ್ರೆ ಹಾಲ್ಯಾರ್ಡ್ ಬಿಟ್ಟು ಓರೆ ಮರವನ್ನೇ ಹಾಯಿ ಸಮೇತ ಕೆಳಗೆ ತರೋಕಾಗುತ್ತೆ, ಕಂಬ ಹತ್ತೋ ಪ್ರಮೇಯ ಕಡಿಮೆ. ದೊಡ್ಡ ಮರ ಇಳಿಯುವಾಗ ಅಡಿಯಲ್ಲಿ ಯಾರೂ ನಿಂತಿರಬಾರದು, ಹಗ್ಗವನ್ನ ಗೂಟಕ್ಕೆ ಎರಡು ಸುತ್ತು ಸುತ್ತಿಯೇ ಸಡಿಲ ಬಿಡಬೇಕು. ಇಲ್ಲದಿದ್ರೆ ಅಂಗೈ ಚರ್ಮ ಕಿತ್ತುಬರುತ್ತೆ.

2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಬಗ್ಗೆಯೂ ಮಕ್ಕಳಿಗೆ ಹೇಳಿ. ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದು ಕಟ್ಟಿದ್ದು, ಅಜಂತಾ ಗುಹೆಯ ಚಿತ್ರವನ್ನ ಮಾದರಿಯಾಗಿ ಇಟ್ಕೊಂಡು. ಹಾಯಿಯ ಮೇಲೆ ನಮ್ಮ ಗಂಡಭೇರುಂಡ ಇದೆ.

ಡೆಕ್_ಬೋಸನ್

ಒಳ್ಳೇದು ಸೇರಿಸಿದ್ರಿ. ಸಿಡಿಲಿನ ಮಾತಲ್ಲಿ ಎಲ್ಲರೂ ಮರೆಯೋ ಇನ್ನೊಂದು ಸಂಗತಿಗೆ ಬರ್ತೀನಿ. ಗುಡುಗಿನ ಮೋಡದಲ್ಲಿ ಹಾಯಿಹಡಗಿಗೆ ಹೆಚ್ಚಿನ ಶತ್ರು ಗಾಳಿ, ಮಿಂಚಲ್ಲ.

ಮೋಡದ ಹೊಟ್ಟೆಯಿಂದ ತಣ್ಣನೆ ಗಾಳಿ ಧೊಪ್ಪನೆ ಕೆಳಗೆ ಬಿದ್ದು ಸಮುದ್ರದ ಮೇಲೆ ಹರಡುತ್ತೆ. ಮಳೆ ಬರೋ ಮುಂಚೆಯೇ ಅದು ಬಂದಿರುತ್ತೆ. ಗುರುತುಗಳು: ಇದ್ದ ಗಾಳಿ ಸತ್ತುಹೋಗಿ ಒಂದು ಥರದ ಸೆಖೆ, ಮೋಡದ ಮುಂಗಡೆ ಉದ್ದಕ್ಕೆ ಹಾಸಿದ ಕಪ್ಪು ಸುರುಳಿ, ಅದರ ಕೆಳಗೆ ನೀರಿನ ಮೇಲೆ ಬಿಳಿ ಗೆರೆ, ಆಮೇಲೆ ಮುಖಕ್ಕೆ ತಣ್ಣಗೆ ರಾಚೋ ಗಾಳಿ. ಬಿಳಿ ಗೆರೆ ಕಂಡ ಮೇಲೆ ಯಾರನ್ನೂ ಮೇಲೆ ಕಳಿಸಬಾರದು. ಅಷ್ಟರಲ್ಲಿ ಉಳಿದಿರೋದು ನಿಮಿಷಗಳು ಮಾತ್ರ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 20 ನಾಟ್ ಗಾಳಿಯಲ್ಲಿ ಚದರ ಮೀಟರಿಗೆ ಸುಮಾರು 65 ನ್ಯೂಟನ್. 40 ನಾಟ್ ಆದ್ರೆ 260. ವೇಗ ಎರಡರಷ್ಟು, ಹೊರೆ ನಾಲ್ಕರಷ್ಟು. ದಿಕ್ಕೂ ತಟ್ಟನೆ ತಿರುಗುತ್ತೆ. ಚೌಕ ಹಾಯಿಯ ಕಂಬಕ್ಕೆ ಹಿಂದಿನಿಂದ ಗಾಳಿ ತಳ್ಳೋದನ್ನ ತಡೆಯೋಕೆ ಹಿಂದಕ್ಕೆ ಎಳೆದು ಕಟ್ಟಿದ ಬೇಕಾದಷ್ಟು ತಂತಿ, ಅಂದ್ರೆ ಬ್ಯಾಕ್‌ಸ್ಟೇ ಇರ್ತವೆ, ಮುಂದಿನಿಂದ ತಳ್ಳಿದ್ರೆ ಆಸರೆ ಕಮ್ಮಿ. ಗಾಳಿ ಮುಂದಿನಿಂದ ಹಾಯಿಗೆ ಬಡಿದ್ರೆ ಕಂಬವೇ ಮುರಿಯಬಹುದು.

1984ರ ಜೂನ್‌ನಲ್ಲಿ ಬರ್ಮುಡಾ ಹತ್ತಿರ ಮಾರ್ಕ್ವೆಸ್ ಅನ್ನೋ ಬಾರ್ಕ್ ಇಂಥ ಒಂದು ಹೊಡೆತಕ್ಕೆ ವಾಲಿ ಮುಳುಗಿತು, 19 ಜನ ಸತ್ತರು. 1986ರ ಮೇನಲ್ಲಿ ಪೋರ್ಟೊರಿಕೊ ಉತ್ತರಕ್ಕೆ ಪ್ರೈಡ್ ಆಫ್ ಬಾಲ್ಟಿಮೋರ್, ಕ್ಯಾಪ್ಟನ್ ಸೇರಿ 4 ಜನ. 2010ರ ಫೆಬ್ರವರಿಯಲ್ಲಿ ಬ್ರೆಜಿಲ್ ಆಚೆ ಕಾಂಕಾರ್ಡಿಯಾ. ವಿದ್ಯಾರ್ಥಿಗಳಿದ್ದ ಹಡಗು, 64 ಜನರೂ ಬದುಕಿದರು. ಮೂರರಲ್ಲೂ ಮುಳುಗಿಸಿದ್ದು ಗಾಳಿ. ಮಕ್ಕಳ ಕೈಪಿಡಿಯಲ್ಲಿ ಸಿಡಿಲಿನ ಚಿತ್ರ ದೊಡ್ಡದಾಗಿ ಹಾಕಿ ಗಾಳಿಯ ಪಾಠವನ್ನ ಒಂದು ಸಾಲಿಗೆ ಇಳಿಸಬೇಡಿ ಅಂತ ನನ್ನ ಕೋರಿಕೆ.

ಹಲಸೂರು_ದೋಣಿ

ಖಂಡಿತ ಇಲ್ಲ ಸರ್. ಈಗ ಮೇಲಿನ ಕೆಲಸವನ್ನ ಹಂತಹಂತವಾಗಿ ಹೇಳ್ತೀರಾ? ಕಳಿಸಲೇಬೇಕಾದ ಸಂದರ್ಭ ಬಂತು ಅಂದ್ಕೊಳ್ಳಿ.

ಡೆಕ್_ಬೋಸನ್

ಹತ್ತೋ ಮುಂಚೆ ಡೆಕ್ಕಿನ ಕೆಲಸ: ಯಾರ್ಡ್ ತಿರುಗಿಸೋ ಬ್ರೇಸ್ ಹಗ್ಗಗಳು ಎರಡೂ ಬದಿಗೂ ಬಿಗಿಯಾಗಿರಬೇಕು, ಹಾಲ್ಯಾರ್ಡ್ ಭದ್ರವಾಗಿ ಕಟ್ಟಿರಬೇಕು. ಜನ ಮೇಲಿದ್ದಷ್ಟು ಹೊತ್ತು ಆ ಹಗ್ಗಗಳನ್ನ ಯಾರೂ ಮುಟ್ಟಬಾರದು, ಹಗ್ಗ ಕಟ್ಟಿರೋ ಪಿನ್ನಿನ, ಅಂದ್ರೆ ಗೂಟದ, ಹತ್ತಿರ ಒಬ್ಬ ಕಾವಲು. ಸಡಿಲ ಯಾರ್ಡ್ ಹಡಗು ವಾಲಿದಾಗಲೆಲ್ಲ ಒಮ್ಮೆಗೇ ಹೊಯ್ದಾಡಿ ಜನರನ್ನ ಒದರಿಬಿಡುತ್ತೆ. ರೇಡಾರ್ ಮತ್ತು ರೇಡಿಯೊ ಆಂಟೆನಾಗಳ ಹತ್ತಿರ ಹೋಗೋದಾದ್ರೆ ಅವನ್ನ ಆಫ್ ಮಾಡಿಸಬೇಕು.

ಹತ್ತೋದು ಗಾಳಿ ಬರೋ ಬದಿಯ ಶ್ರೌಡ್‌ನಲ್ಲಿ. ಹಡಗು ಆಚೆ ಬದಿಗೆ ವಾಲಿರುತ್ತೆ, ಹಾಗಾಗಿ ಈ ಬದಿಯ ಏಣಿ ಮಲಗಿದ ಹಾಗಿರುತ್ತೆ, ಗಾಳಿಯೂ ನಿಮ್ಮನ್ನ ಹಗ್ಗಕ್ಕೇ ಒತ್ತುತ್ತೆ. ಕೈ ಹಿಡಿಯೋದು ಲಂಬವಾಗಿರೋ ಶ್ರೌಡ್ ತಂತಿಯನ್ನ, ಅಡ್ಡ ಕಟ್ಟಿರೋ ರ‍್ಯಾಟ್‌ಲೈನ್ ಮೆಟ್ಟಿಲನ್ನಲ್ಲ. ಮೆಟ್ಟಿಲು ಹಗ್ಗ ಸವೆದು ಕಿತ್ತುಬರಬಹುದು. ಕಾಲಡಿಯದು ಕಿತ್ತರೂ ಕೈಯಲ್ಲಿರೋದು ಉಳಿಯಬೇಕು.

ಯಾರ್ಡಿನ ಕೆಳಗೆ ಜೋತುಬಿದ್ದಿರೋ ಫುಟ್‌ರೋಪ್ ಮೇಲೆ ಕಾಲಿಡೋ ಮುಂಚೆ ಕೂಗಿ ಹೇಳಬೇಕು, ‘ಬಲಕ್ಕೆ ಕಾಲಿಡ್ತಿದ್ದೀನಿ’ ಅಂತ. ನೀವು ಕಾಲಿಟ್ಟ ಕೂಡಲೇ ಹಗ್ಗ ಜಗ್ಗಿ ಅದೇ ಹಗ್ಗದ ಮೇಲಿರೋ ಬೇರೆಯವರು ಮೇಲಕ್ಕೆ ಚಿಮ್ಮುತ್ತಾರೆ. ಗಾಳಿಯಲ್ಲಿ ಕೂಗು ಕೇಳಿಸ್ತಾ ಅಂತ ನೋಡ್ಕೊಂಡು, ಅವರು ‘ಸರಿ’ ಅಂದ ಮೇಲೆ ಕಾಲಿಡಬೇಕು. ಸೇರಿದ ಕೂಡಲೇ ಮೈಗೆ ಕಟ್ಟಿರೋ ಸುರಕ್ಷಾ ಪಟ್ಟಿಯ, ಅಂದ್ರೆ ಹಾರ್ನೆಸ್‌ನ ಕೊಂಡಿಯನ್ನ ಯಾರ್ಡಿನ ಮೇಲಿರೋ ಸುರಕ್ಷಾ ತಂತಿಗೆ ಹಾಕೋದು. ಎರಡು ಕೊಂಡಿ ಇರಬೇಕು: ಒಂದನ್ನ ಹಾಕಿ ಇನ್ನೊಂದನ್ನ ಬಿಚ್ಚೋದು. ಹೊಟ್ಟೆ ಯಾರ್ಡಿನ ಮೇಲೆ, ಕಾಲು ಹಿಂದಕ್ಕೆ ಚಾಚಿ, ಎರಡೂ ಕೈಯಿಂದ ಬಟ್ಟೆ ಎಳೆದು ಮಡಿಕೆ ಮಡಿಕೆಯಾಗಿ ಹೊಟ್ಟೆಯಡಿ ಒತ್ತಿಟ್ಕೋಬೇಕು. ನೆಂದ ಕ್ಯಾನ್ವಾಸ್ ಹಲಗೆಯಷ್ಟು ಬಿರುಸು, ಉಗುರು ಕಿತ್ತುಹೋಗುತ್ತೆ, ಬೆರಳು ತುದಿಯಿಂದಲ್ಲ, ಮುಷ್ಟಿಯಿಂದ ಹಿಡೀಬೇಕು. ಗಾಳಿ ಒಂದು ಕ್ಷಣ ತಗ್ಗಿದಾಗ ಎಲ್ಲರೂ ಒಟ್ಟಿಗೆ ಎಳೀಬೇಕು, ಒಬ್ಬೊಬ್ಬರೇ ಗುದ್ದಾಡಿದ್ರೆ ಬಟ್ಟೆ ಗೆಲ್ಲುತ್ತೆ. ಗ್ಯಾಸ್ಕೆಟ್ ಸುತ್ತಿ, ಎಳೆದ್ರೆ ಬಿಚ್ಚೋ ಗಂಟು ಹಾಕಿದ್ರೆ ಮುಗೀತು. ಚಾಕು ಸೇರಿ ಪ್ರತಿ ಉಪಕರಣವೂ ದಾರ ಕಟ್ಟಿ ಮೈಗೆ ಅಂಟಿರಬೇಕು.

ಮೇಲಿನ ತೂಗಾಟಕ್ಕೊಂದು ಲೆಕ್ಕ ಕೊಡ್ತೀನಿ. ಹಡಗು ಎರಡೂ ಬದಿಗೆ 15 ಡಿಗ್ರಿ ವಾಲಿದ್ರೆ, 30 ಮೀಟರ್ ಎತ್ತರದಲ್ಲಿರೋನು ಒಂದೊಂದು ಬದಿಗೆ ಸುಮಾರು 8 ಮೀಟರ್ ಹೋಗಿ ಬರ್ತಾನೆ. ಕೊನೆಯಿಂದ ಕೊನೆಗೆ 15 ಮೀಟರಿಗೂ ಹೆಚ್ಚು, ಪ್ರತಿ ಕೆಲವು ಸೆಕೆಂಡಿಗೆ.

ಮೇಲಿದ್ದಾಗಲೇ ಮಿಂಚು ಶುರುವಾದ್ರೆ: ಕೈಲಿರೋ ಗ್ಯಾಸ್ಕೆಟ್‌ಗೆ ಒಂದು ಸುತ್ತು ಕೊಟ್ಟು ಬಿಡಿ, ಚಂದ ನೋಡಬೇಡಿ. ಕಂಬದ ಹತ್ತಿರ ಇರೋರು ಮೊದಲು, ಯಾರ್ಡಿನ ತುದೀಲಿರೋರು ಕೊನೆಗೆ, ಮತ್ತೆ ಕೂಗಿ ಹೇಳಿ ಇಳಿಯೋದು. ಕೊಂಡಿ ಬದಲಿಸೋ ಕ್ರಮ ಬಿಡಬಾರದು. ಅವಸರದಲ್ಲಿ ಕೊಂಡಿ ಹಾಕದೆ ಇಳಿಯೋನು ಸಿಡಿಲಿನ ಚಿಕ್ಕ ಸಂಭವಕ್ಕೆ ಹೆದರಿ ಬೀಳೋ ದೊಡ್ಡ ಸಂಭವ ತಗೊಂಡ ಹಾಗೆ. ಬ್ಯಾಕ್‌ಸ್ಟೇ ಹಿಡಿದು ಜಾರಿ ಇಳಿಯೋದಂತೂ ಬೇಡವೇ ಬೇಡ. ಕೆಳಗೆ ಬಂದ ಮೇಲೆ ಉಕ್ಕಿನ ಕೋಣೆಯೊಳಗೆ. ಚುಕ್ಕಾಣಿಯಲ್ಲಿ ಬೇಕಾದಷ್ಟೇ ಜನ ಇರಲಿ.

ಓದುಗ_ಬಸವನಗುಡಿ

ಕಂಬದ ತುದೀಲಿ ನೀಲಿ ಬೆಳಕು ಕಾಣುತ್ತೆ ಅಂತಾರಲ್ಲ, ಅದು ನಿಜವಾ?

ಸಿಡಿಲುತಂತಿ_ಪೀಣ್ಯ

ನಿಜ. ಸಂತ ಎಲ್ಮೋನ ಬೆಂಕಿ ಅಂತ ನಾವಿಕರು ಕರೆದದ್ದು. ಚೂಪು ತುದಿಯ ಸುತ್ತ ವಿದ್ಯುತ್ ಕ್ಷೇತ್ರ ಬಹಳ ಬಲವಾದಾಗ ಗಾಳಿ ಅಯಾನೀಕರಣಗೊಂಡು ನೇರಳೆ-ನೀಲಿ ಬಣ್ಣದಲ್ಲಿ ಹೊಳೆಯುತ್ತದೆ, ಜೊತೆಗೆ ಸುಂಯ್ ಎನ್ನುವ ಸದ್ದು. ಕತ್ತಲಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಅದು ಸುಡುವುದಿಲ್ಲ, ಆದರೆ ಕ್ಷೇತ್ರ ಅಷ್ಟು ಬಲವಾಗಿದೆ ಎಂದು ತೋರಿಸುವ ಗುರುತು. ಮೇಲಿದ್ದವರಿಗೆ ಕೂದಲು ನಿಮಿರಿದರೆ, ಲೋಹ ಗುಂಯ್‌ಗುಟ್ಟಿದರೆ, ಚರ್ಮ ಚುರುಚುರು ಅಂದರೆ ಕೂಡ ಅದೇ ಅರ್ಥ. ಹಗಲಲ್ಲಿ ಬೆಳಕು ಕಾಣದು, ಸದ್ದೇ ಎಚ್ಚರಿಕೆ.

ಇನ್ನೊಂದು ಕುತೂಹಲದ ವಿಷಯ: 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಿಂದೂ ಮಹಾಸಾಗರದ ಪೂರ್ವ ಭಾಗ ಮತ್ತು ದಕ್ಷಿಣ ಚೀನಾ ಸಮುದ್ರದಲ್ಲಿ ದೊಡ್ಡ ಹಡಗುಗಳು ಓಡಾಡುವ ದಾರಿಗಳ ಮೇಲೆ ಸುತ್ತಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಮಿಂಚು ಕಂಡಿತ್ತು. ಹೊಗೆಯ ಕಣಗಳು ಮೋಡದ ಹನಿಗಳನ್ನು ಸಣ್ಣದಾಗಿಸುತ್ತವೆ, ಅವು ಮೇಲೇರಿ ಹೆಪ್ಪುಗಟ್ಟುತ್ತವೆ, ಮಂಜಿನ ಕಣಗಳ ತಿಕ್ಕಾಟ ಹೆಚ್ಚುತ್ತದೆ ಅನ್ನುವುದು ವಿವರಣೆ.

ಹಗ್ಗದ_ಕೆಲಸ_ಹೆಬ್ಬಾಳ

ಬೆಂಗಳೂರಿನ ಭಾಗ ನಾನು ಬರೀತೀನಿ. ಹಗ್ಗದಲ್ಲಿ ಇಳಿದು ಗಾಜು ಒರೆಸೋರು, ಜೂಲಾದಲ್ಲಿ, ಅಂದ್ರೆ ಹಗ್ಗಕ್ಕೆ ನೇತುಹಾಕಿದ ತೊಟ್ಟಿಲಲ್ಲಿ, ನಿಂತು ಬಣ್ಣ ಹೊಡೆಯೋರು, ಟವರ್ ಕ್ರೇನ್, ಮೊಬೈಲ್ ಟವರ್, ನಾಲ್ಕಕ್ಕೂ ಬೋಸನ್ ಸರ್ ಹೇಳಿದ ಒಂದೇ ಮಾತು ಅನ್ವಯ: ಮೋಡ ಬರೋ ಹೊತ್ತಿಗೆ ಮೇಲೆ ಜನ ಇರಬಾರದು. ಹಾಗಾದ್ರೆ ಇಳಿಯೋಕೆ ಎಷ್ಟು ಹೊತ್ತು ಬೇಕು ಅನ್ನೋದು ಮೊದಲೇ ಗೊತ್ತಿರಬೇಕು.

ಲೆಕ್ಕ ಹೀಗೆ. ಸದ್ದು 3 ಸೆಕೆಂಡಿಗೆ 1 ಕಿ.ಮೀ. ಸಾಗುತ್ತೆ. ಮಿಂಚಿದ ಮೇಲೆ 30 ಸೆಕೆಂಡಿಗೆ ಗುಡುಗು ಕೇಳಿದ್ರೆ 10 ಕಿ.ಮೀ. ದೂರ. ಮೋಡ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದ್ರೆ 15 ನಿಮಿಷದಲ್ಲಿ ತಲೆ ಮೇಲೆ. ಜೂಲಾ 25ನೇ ಮಹಡಿಯಿಂದ ಇಳಿಯೋಕೆ ನಿಮಿಷಕ್ಕೆ 8-9 ಮೀಟರಿನ ಹಾಗೆ ಸುಮಾರು 9 ನಿಮಿಷ, ಬಕೆಟ್ ಮತ್ತು ಮೆಷಿನ್ ಕಟ್ಟೋಕೆ ಇನ್ನೊಂದು ಐದು. 14 ನಿಮಿಷ ಆಯ್ತು. 30 ಸೆಕೆಂಡಿನೊಳಗೆ ಗುಡುಗು ಕೇಳಿದ್ರೆ ಇಳೀಬೇಕು ಅನ್ನೋ ನಿಯಮ ನಂಬಿದ್ರೆ ಕೈಲಿ ಉಳಿಯೋದು ಒಂದೇ ನಿಮಿಷ. ಎತ್ತರದ ಸೈಟಿಗೆ 20 ಕಿ.ಮೀ.ಯಲ್ಲೇ ಇಳಿಯೋ ಆದೇಶ ಕೊಡಬೇಕು ಅನ್ನೋದು ಇದಕ್ಕೆ.

ಎರಡು ತೊಂದರೆ ಇಲ್ಲಿ ವಿಶೇಷ. ಒಂದು, ಔಟರ್ ರಿಂಗ್ ರೋಡ್ ಪಕ್ಕದ ಸೈಟಲ್ಲಿ ಟ್ರಾಫಿಕ್ಕು, ಡಿಜಿ ಸೆಟ್ಟು, ಗ್ರೈಂಡರ್ ಸದ್ದಿಗೆ ದೂರದ ಗುಡುಗು ಕೇಳಿಸಲ್ಲ. ಕಿವಿ ನೆಚ್ಚಬಾರದು. ಪುಣೆಯ ಹವಾಮಾನ ಸಂಶೋಧನೆಯ ಐಐಟಿಎಂ ಸಂಸ್ಥೆಯ ದಾಮಿನಿ ಆ್ಯಪ್, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿಯ ಸಿಡಿಲು ಆ್ಯಪ್, ಎರಡೂ ಸೂಪರ್‌ವೈಸರ್ ಫೋನಲ್ಲಿ ಇರಲಿ, ಅದನ್ನ ನೋಡೋದೇ ಒಬ್ಬರ ಕೆಲಸ ಆಗಿರಲಿ. ಎರಡು, ಏಪ್ರಿಲ್-ಮೇ ಸಂಜೆ ಮೋಡ ಬೇರೆ ಊರಿಂದ ಬರಬೇಕು ಅಂತಿಲ್ಲ, ನಮ್ಮ ತಲೆ ಮೇಲೇ ಕಟ್ಟುತ್ತೆ. ಆಗ ದೂರದ ಲೆಕ್ಕ ಕೆಲಸಕ್ಕೆ ಬರಲ್ಲ. ಮಧ್ಯಾಹ್ನ ಎರಡರಿಂದ ಹೂಕೋಸಿನ ಥರ ಮೇಲೇರೋ ಮೋಡದ ಮೇಲೆ ಕಣ್ಣಿರಬೇಕು. ತಳ ಕಪ್ಪಾಯ್ತು ಅಂದ್ರೆ ಇಳಿಸಿ. ಬೇಸಿಗೆ ತಿಂಗಳಲ್ಲಿ ಹೊರಮೈ ಕೆಲಸವನ್ನ ಬೆಳಗ್ಗೆ ಆರಕ್ಕೆ ಶುರು ಮಾಡಿ ಎರಡಕ್ಕೆ ಮುಗಿಸೋದು ಎಲ್ಲಕ್ಕಿಂತ ಸುಲಭದ ಉಪಾಯ. 2024ರ ಜೂನ್ 2ರ ಒಂದೇ ದಿನ ನಗರದಲ್ಲಿ 111.1 ಮಿ.ಮೀ. ಸುರಿದದ್ದು ನೆನಪಿರಬಹುದು, ಎಷ್ಟೊಂದು ಮರ ಉರುಳಿದ್ವು.

ಕ್ರೇನ್ ಬಗ್ಗೆ ಒಂದು ಮಾತು. ಆಪರೇಟರ್ ಇಳಿಯೋ ಮುಂಚೆ ಕೊಕ್ಕೆ ಖಾಲಿ ಮಾಡಿ ಮೇಲೆ ತಗೊಂಡು, ತಿರುಗೋ ಬ್ರೇಕ್ ಬಿಟ್ಟಿರಬೇಕು. ತೋಳು ಗಾಳಿ ಹೋಗೋ ದಿಕ್ಕಿಗೆ ತಾನೇ ತಿರುಗಿಕೊಳ್ಳುತ್ತೆ. ಬ್ರೇಕ್ ಹಾಕಿ ಬಂದ್ರೆ ತೋಳು ಪೂರ್ತಿ ಅಗಲಕ್ಕೆ ಗಾಳಿ ತಿಂದು ಕ್ರೇನನ್ನೇ ಮಗುಚಬಹುದು. ಸಿಡಿಲು ಆಗಲೇ ತಲೆ ಮೇಲೆ ಇದ್ರೆ ಏಣಿ ಇಳಿಯೋದಕ್ಕಿಂತ ಬಾಗಿಲು ಮುಚ್ಚಿದ ಲೋಹದ ಕ್ಯಾಬಿನ್ನಲ್ಲಿ, ಮೈ ಗೋಡೆಗೆ ತಾಗಿಸದೆ ಕೂರೋದು ವಾಸಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗೋವರೆಗೆ ಯಾರೂ ಮತ್ತೆ ಹತ್ತಬಾರದು. ಮಳೆ ನಿಂತ ಕೂಡಲೇ ‘ನಡೀರಿ, ನಡೀರಿ’ ಅನ್ನೋ ಕಾಂಟ್ರಾಕ್ಟರ್‌ಗಳಿಗೆ ಇದನ್ನ ಗೋಡೆ ಮೇಲೆ ಬರೆದಿಡಬೇಕು.

ಸಿಡಿಲುತಂತಿ_ಪೀಣ್ಯ

ಇದಕ್ಕೊಂದು ಸೇರ್ಪಡೆ. ಹಗ್ಗದ ಲಂಗರನ್ನು ತಾರಸಿಯ ಸಿಡಿಲು ವಾಹಕ ಪಟ್ಟಿಗೋ ಅದರ ಕಂಬಕ್ಕೋ ಕಟ್ಟುವುದು ಅಲ್ಲಲ್ಲಿ ಕಾಣುತ್ತದೆ. ಗಟ್ಟಿಯಾಗಿ ಕಂಡರೂ ಅದು ಭಾರ ಹೊರಲು ಮಾಡಿದ್ದಲ್ಲ, ಸಿಡಿಲು ಬಡಿದರೆ ನೇರ ಹಗ್ಗಕ್ಕೇ ಬಿಸಿ. ನೈಲಾನ್ 220ರಿಂದ 260 ಡಿಗ್ರಿಗೆ ಕರಗುತ್ತದೆ, ಡೈನೀಮಾ ಎನ್ನುವ ಇನ್ನೊಂದು ಕೃತಕ ನಾರು 150ರ ಆಸುಪಾಸಿನಲ್ಲೇ. ಮಿಂಚಿನ ಕಿಡಿ ತಾಗಿದ ಹಗ್ಗ, ಹಾರ್ನೆಸ್ ಹೊರಗೆ ಚೆನ್ನಾಗಿ ಕಂಡರೂ ಕತ್ತರಿಸಿ ಎಸೆಯಬೇಕು. ಹಡಗಿನಲ್ಲೂ ಅದೇ ನಿಯಮ.

ತುರ್ತುಸೇವೆ_ಜಯನಗರ

ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರಲ್ಲ, ಮುಟ್ಟಬಹುದು. ಇದನ್ನ ಮಕ್ಕಳ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ನಾಲ್ಕು ಜನ ಬಿದ್ದಿದ್ರೆ ನರಳೋರು, ಕೂಗೋರು ಬದುಕಿದ್ದಾರೆ. ಮೊದಲು ಹೋಗಬೇಕಾದ್ದು ಅಲುಗಾಡದೆ ಬಿದ್ದವರ ಹತ್ತಿರ. ಬೇರೆ ಅಪಘಾತಗಳ ಕ್ರಮಕ್ಕೆ ಇದು ತಿರುಗುಮುರುಗು. ಸಿಡಿಲಿನ ಹೊಡೆತಕ್ಕೆ ಹೃದಯ ನಿಂತು ಅನೇಕ ಸಲ ತಾನೇ ಮತ್ತೆ ಹೊಡೆಯೋಕೆ ಶುರು ಮಾಡುತ್ತೆ, ಆದ್ರೆ ಉಸಿರಾಟ ಇನ್ನೂ ಹೊತ್ತು ನಿಂತೇ ಇರುತ್ತೆ. ಆಗ ಉಸಿರು ಕೊಡದಿದ್ರೆ ಹೃದಯ ಎರಡನೇ ಸಲ ನಿಲ್ಲುತ್ತೆ. ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ, 30 ಒತ್ತಿಗೆ 2 ಉಸಿರು. ಈ ಸಂದರ್ಭದಲ್ಲಿ ಉಸಿರು ಕೊಡೋದನ್ನ ತಪ್ಪಿಸಬೇಡಿ. ಇಲ್ಲಿ 108, ಸಮುದ್ರದಲ್ಲಿ ರೇಡಿಯೊದಲ್ಲಿ ವೈದ್ಯ ಸಲಹೆ.

ಹಾರ್ನೆಸ್‌ನಲ್ಲಿ ಎಚ್ಚರ ತಪ್ಪಿ ನೇತಾಡ್ತಿದ್ರೆ ಸಮಯ ಇನ್ನೂ ಕಮ್ಮಿ. ಅಲುಗಾಡದ ಕಾಲುಗಳಲ್ಲಿ ರಕ್ತ ನಿಂತುಬಿಡುತ್ತೆ, ತಲೆ ಮುಂದಕ್ಕೆ ಬಾಗಿ ಉಸಿರುದಾರಿ ಮುಚ್ಚುತ್ತೆ. ನಿಮಿಷಗಳ ಲೆಕ್ಕದಲ್ಲಿ ಇಳಿಸಬೇಕು. ಇಳಿಸೋ ಹಗ್ಗ, ರಾಟೆ, ಮಾಡೋ ವ್ಯಕ್ತಿ ಕೆಲಸ ಶುರುವಾಗೋ ಮುಂಚೆಯೇ ಸಿದ್ಧ ಇರಬೇಕು, ಫೈರ್ ಬ್ರಿಗೇಡ್‌ಗೆ ಫೋನ್ ಮಾಡಿ ಕಾಯೋ ಯೋಜನೆ ಯೋಜನೆಯಲ್ಲ. ಇಳಿಸಿದ ಮೇಲೆ ಅಂಗಾತ ಮಲಗಿಸಿ. ಬೀಳುವಾಗ ಕುತ್ತಿಗೆಗೆ ಪೆಟ್ಟಾಗಿರಬಹುದು, ತಲೆ ತಿರುಗಿಸದೆ ದವಡೆ ಮುಂದಕ್ಕೆ ತಳ್ಳಿ ಉಸಿರುದಾರಿ ತೆರೆಯಿರಿ.

ಹಲಸೂರು_ದೋಣಿ

ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ವಂದನೆ. ಕೊನೆಯದಾಗಿ ನಮ್ಮ ಕೆರೆಯ ಪ್ರಶ್ನೆ. ಮಕ್ಕಳ ದೋಣಿಗಳ ಕಂಬ ಅಲ್ಯುಮಿನಿಯಂ, ಒಡಲು ಫೈಬರ್. ಕಂಬದಿಂದ ನೀರಿಗೆ ಒಂದು ತಾಮ್ರದ ತಂತಿ ಬಿಟ್ಟರೆ ಸಾಕಾಗುತ್ತಾ?

ಸಿಡಿಲುತಂತಿ_ಪೀಣ್ಯ

ಸಾಕಾಗುವುದಿಲ್ಲ ಮೇಡಂ. ಸಮುದ್ರದ ಫೈಬರ್ ದೋಣಿಗಳಿಗೆ ಕನಿಷ್ಠ ಒಂದು ಚದರ ಅಡಿಯ ಲೋಹದ ಫಲಕ ನೀರಿನಡಿ ಇರಬೇಕು ಅನ್ನುವ ರೂಢಿ ಇದೆ. ಅದು ಉಪ್ಪುನೀರಿಗೆ ಹಾಕಿದ ಲೆಕ್ಕ. ಸಿಹಿನೀರಿನ ವಾಹಕತೆ ಅದರ ನೂರರಲ್ಲಿ ಒಂದು ಪಾಲು ಅಥವಾ ಇನ್ನೂ ಕಡಿಮೆ. ಪ್ರವಾಹ ನೀರಿಗೆ ಸಲೀಸಾಗಿ ಇಳಿಯದೆ ಒಡಲನ್ನು ತೂತು ಮಾಡಿಕೊಂಡು, ಇಲ್ಲವೇ ಕೂತವರ ಮೈಮೂಲಕ ದಾರಿ ಹುಡುಕುತ್ತದೆ. ಪುಟ್ಟ ದೋಣಿಯಲ್ಲಿ ಕಂಬದಿಂದ ಮಗುವಿಗೆ ಒಂದು ಮೀಟರ್ ಅಂತರವೂ ಇರುವುದಿಲ್ಲ. ತಂತಿ ಬಿಟ್ಟಿದ್ದೇವೆ ಅನ್ನುವ ಧೈರ್ಯದಲ್ಲಿ ಹತ್ತು ನಿಮಿಷ ಹೆಚ್ಚು ಆಡಿಸುವುದೇ ದೊಡ್ಡ ಅಪಾಯ.

ಡೆಕ್_ಬೋಸನ್

ಕೆರೆಗೆ ಕ್ರಮ ಹೀಗಿರಲಿ: ದಡದಲ್ಲಿ ಒಬ್ಬರು ಆ್ಯಪ್ ಮತ್ತು ಆಕಾಶ ನೋಡ್ತಾ ಇರಬೇಕು, ಅವರಿಗೆ ಬೇರೆ ಕೆಲಸ ಕೊಡಬಾರದು. 20 ಕಿ.ಮೀ. ಒಳಗೆ ಮಿಂಚು ತೋರಿಸಿದ್ರೆ ಮೂರು ಉದ್ದ ಸೀಟಿ, ದೂರದ ದೋಣಿಯನ್ನ ಮೋಟಾರ್ ಬೋಟ್ ಎಳ್ಕೊಂಡು ಬರಲಿ. ತಣ್ಣನೆ ಗಾಳಿ ಮೊದಲೇ ಬಂದುಬಿಟ್ರೆ ನೀರಲ್ಲೇ ಹಾಯಿ ಇಳಿಸಿ, ಎಲ್ಲರೂ ತಗ್ಗಿ ಕೂತು, ಕಂಬಕ್ಕೂ ತಂತಿಗೂ ಕೈ ತಾಗಿಸದೆ ಎಳೆಸಿಕೊಳ್ಳೋದು. ದಡ ಮುಟ್ಟಿದ ಮೇಲೆ ದೋಣಿ ಎತ್ತಿಡೋದು, ಕಂಬ ಬಿಚ್ಚೋದು ಎಲ್ಲ ಆಮೇಲೆ, ಮೊದಲು ಮಕ್ಕಳು ಪಕ್ಕಾ ಕಟ್ಟಡದೊಳಗೆ ಹೋಗಬೇಕು. ಮರದಡಿ ಅಲ್ಲ, ತಗಡಿನ ಶೆಡ್ಡಿನಲ್ಲೂ ಅಲ್ಲ. ಇಡೀ ದಂಡು ದಡ ಸೇರೋಕೆ ಎಷ್ಟು ನಿಮಿಷ ಹಿಡಿಯುತ್ತೆ ಅಂತ ಬಿಸಿಲಿರೋ ದಿನ ಒಮ್ಮೆ ಅಳೆದು ನೋಡಿ. 12 ನಿಮಿಷಕ್ಕಿಂತ ಹೆಚ್ಚಾದ್ರೆ 20 ಕಿ.ಮೀ. ಅನ್ನೋದನ್ನ 25ಕ್ಕೆ ಏರಿಸಿ.